ನರ್ಸ್ ಆಸ್ಪತ್ರೆಗೆ ಹೊಂದಬೇಕಾ, ಆಸ್ಪತ್ರೆ ನರ್ಸ್‌ಗೆ ಹೊಂದಬೇಕಾ?

ಇದು ಈ ವಾರದ ವಿಡಿಯೋದ ಬರಹ ರೂಪ. ಮೆಟ್ರೋದಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಮತ್ತೆ ವಿಡಿಯೋ ನೋಡೋದಕ್ಕಿಂತ ಓದೋದೇ ಸಲೀಸು ಅನ್ನೋರಿಗೆ. ಮಾತಿನಲ್ಲಿ ಅವಸರವಾಗಿ ದಾಟಿದ ಕೆಲವು ಅಂಕಿಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ.

ನಮ್ಮ ಫೀಲ್ಡ್‌ನಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು: ‘ಕಲ್ಚರ್ ಫಿಟ್’. ಮೂರು ಟೆಕ್ನಿಕಲ್ ರೌಂಡ್ ಪಾಸಾದ ಮೇಲೂ ಎಚ್‌ಆರ್ ರೌಂಡ್‌ನಲ್ಲಿ ಈ ಒಂದು ಪದದಿಂದ ಆಫರ್ ಕೈತಪ್ಪಬಹುದು. ಯಾಕೆ ಅಂತ ಕೇಳಿದರೆ ಉತ್ತರ ಇರಲ್ಲ. ಅದರ ಹಿಂದಿನ ನಂಬಿಕೆ ಇಷ್ಟು: ಜಾಗಕ್ಕೆ ಹೊಂದುವ ಮನುಷ್ಯ ಚೆನ್ನಾಗಿ ಕೆಲಸ ಮಾಡ್ತಾನೆ, ಹೊಂದದೇ ಇರುವವನು ಕೆಲಸ ಕೆಡಿಸ್ತಾನೆ.

ಇದು ನಿಜವಾ ಅಂತ ನೋಡೋಕೆ ನಮ್ಮ ಆಫೀಸಿಗಿಂತ ಆಸ್ಪತ್ರೆ ಒಳ್ಳೆ ಜಾಗ. ನಾನು ಟೀಮ್‌ಗೆ ಹೊಂದದೇ ಹೋದರೆ ಒಂದು ರಿಲೀಸ್ ವಾರ ತಡವಾಗಬಹುದು. ವಾರ್ಡ್‌ನಲ್ಲಿ ಹಾಗಲ್ಲ. ಅಲ್ಲಿ ರಾತ್ರಿ 3 ಗಂಟೆಗೆ ರೋಗಿಯ ಉಸಿರಾಟದ ಲಯ ಸ್ವಲ್ಪ ಬದಲಾಗಿದೆ ಅಂತ ಗಮನಿಸುವ ವ್ಯಕ್ತಿ ಡಾಕ್ಟರ್ ಅಲ್ಲ, ನರ್ಸ್. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಅಪ್ಪ-ಅಮ್ಮನನ್ನ ಅಡ್ಮಿಟ್ ಮಾಡಿದವರಿಗೆ ಇದು ಗೊತ್ತಿರುತ್ತೆ. ಮತ್ತೆ ಆ ನರ್ಸ್ ಕೂಡ ಬಹಳ ಸಲ ನಮ್ಮ ಹಾಗೇ ಊರು ಬಿಟ್ಟು ಬಂದವರು. ಕೇರಳದವರು, ಮಣಿಪುರದವರು, ನಮ್ಮ ಕರಾವಳಿಯವರು. ಬೆಂಗಳೂರಲ್ಲೇ ನರ್ಸಿಂಗ್ ಓದಿ ದೇಶವೆಲ್ಲ ಹರಡಿದವರು.

ಹಾಗಾಗಿ ಇವತ್ತಿನ ಪ್ರಶ್ನೆ: ನರ್ಸ್ ಮತ್ತು ಕೆಲಸದ ಜಾಗದ ನಡುವಿನ ಹೊಂದಿಕೆಗೂ, ಅವರ ಕೆಲಸದ ಗುಣಮಟ್ಟಕ್ಕೂ ಏನು ಸಂಬಂಧ?

‘ಹೊಂದಿಕೆ’ ಅಂದ್ರೆ ಏನು?

ಇದರ ಮೂಲ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರದ್ದು. 1936ರಲ್ಲಿ ಅವರು ಒಂದು ಸರಳ ಸಮೀಕರಣ ಕೊಟ್ಟರು: ಮನುಷ್ಯನ ವರ್ತನೆ ಅನ್ನೋದು ಎರಡು ವೇರಿಯಬಲ್‌ಗಳ ಫಂಕ್ಷನ್, ಒಂದು ವ್ಯಕ್ತಿ, ಇನ್ನೊಂದು ಪರಿಸರ. ಎರಡು ಇನ್‌ಪುಟ್ ಇರುವ ಫಂಕ್ಷನ್‌ನಲ್ಲಿ ಔಟ್‌ಪುಟ್ ತಪ್ಪಾದರೆ ಒಂದೇ ಇನ್‌ಪುಟ್ ಮೇಲೆ ಬೈಯೋಕಾಗಲ್ಲ. ಇದು ನಮಗೆ ಕೋಡ್‌ನಲ್ಲಿ ಅರ್ಥ ಆಗುತ್ತೆ, ಮನುಷ್ಯರ ವಿಷಯ ಬಂದಾಗ ಮರೆತುಹೋಗುತ್ತೆ.

ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಾನ್ ಫ್ರೆಂಚ್, ರಾಬರ್ಟ್ ಕ್ಯಾಪ್ಲನ್ ಮತ್ತು ಸಂಗಡಿಗರು ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡುವಾಗ ಈ ಹೊಂದಿಕೆಯನ್ನ ಎರಡು ಭಾಗ ಮಾಡಿದರು.

ಮೊದಲನೇದು: ಕೆಲಸ ಏನು ಕೇಳುತ್ತೆ, ನಮಗೆ ಏನು ಬರುತ್ತೆ. ಮಕ್ಕಳ ವಾರ್ಡ್‌ನಲ್ಲಿ ಹತ್ತು ವರ್ಷ ಪಳಗಿದ ನರ್ಸ್‌ನ, ಇವತ್ತು ಜನ ಕಡಿಮೆ ಇದ್ದಾರೆ ಅಂತ ಐಸಿಯುಗೆ ಕಳಿಸಿದರೆ ಈ ಹೊಂದಿಕೆ ಒಂದೇ ದಿನದಲ್ಲಿ ಕೆಡುತ್ತೆ. ವ್ಯಕ್ತಿ ಅವರೇ, ಬದಲಾಗಿದ್ದು ಜಾಗ.

ಎರಡನೇದು: ನಮಗೆ ಏನು ಬೇಕು, ಕೆಲಸ ಏನು ಕೊಡುತ್ತೆ. ಸಂಬಳ, ರಜೆ, ಗೌರವ, ಕಲಿಯೋ ಅವಕಾಶ, ರಾತ್ರಿ ಪಾಳಿ ಮುಗಿಸಿ ಮಲಗೋಕೆ ಒಂದು ಹಾಸ್ಟೆಲ್ ಕೋಣೆ.

1996ರಲ್ಲಿ ಏಮಿ ಕ್ರಿಸ್ಟಾಫ್ ಅನ್ನೋ ಸಂಶೋಧಕಿ, ವ್ಯಕ್ತಿ ಮತ್ತು ಸಂಸ್ಥೆಯ ನಡುವಿನ ಹೊಂದಿಕೆಯ ಬಗ್ಗೆ ಅಲ್ಲಿಯವರೆಗಿನ ಕೆಲಸವನ್ನೆಲ್ಲ ಒಂದೆಡೆ ಜೋಡಿಸಿ ಬರೆದರು. ಅವರು ಇನ್ನೊಂದು ಮುಖ್ಯ ಭೇದ ತೋರಿಸಿದರು. ಹೊಂದೋದು ಅಂದ್ರೆ ಒಂದೇ ಥರ ಇರೋದು ಅಂತಲೂ ಆಗಬಹುದು, ಇಲ್ಲದ್ದನ್ನ ತುಂಬೋದು ಅಂತಲೂ ಆಗಬಹುದು. ಉಪ್ಪಿಟ್ಟಿಗೆ ರವೆ ಸಾಕಾಗದಿದ್ದಾಗ ಇನ್ನಷ್ಟು ರವೆ ಹಾಕೋದು ಒಂದು, ಉಪ್ಪು ಹಾಕೋದು ಇನ್ನೊಂದು. ಎರಡೂ ‘ಹೊಂದಿಕೆ’ಯೇ. ಈ ಭೇದ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಅಂಕಿಗಳು ಏನು ಹೇಳ್ತಾವೆ?

2005ರಲ್ಲಿ ಕ್ರಿಸ್ಟಾಫ್-ಬ್ರೌನ್ ಮತ್ತು ಇಬ್ಬರು ಸಹೋದ್ಯೋಗಿಗಳು ಒಂದು ಮೆಟಾ ಅನಾಲಿಸಿಸ್ ಪ್ರಕಟಿಸಿದರು. 172 ಅಧ್ಯಯನಗಳನ್ನ ಒಟ್ಟು ಸೇರಿಸಿದ ಲೆಕ್ಕ ಅದು. ಬರೀ ನರ್ಸ್‌ಗಳದ್ದಲ್ಲ, ಎಲ್ಲಾ ಥರದ ಉದ್ಯೋಗದವರದ್ದು. ಆದ್ರೆ ನರ್ಸ್‌ಗಳ ಮೇಲೆ ಅಧ್ಯಯನ ಮಾಡೋರೂ ಇವತ್ತಿಗೂ ಅಲ್ಲಿಂದಲೇ ಶುರು ಮಾಡ್ತಾರೆ.

ವ್ಯಕ್ತಿ ತನ್ನ *ಕೆಲಸಕ್ಕೆ* ಹೊಂದಿದ್ದರೆ, ಅದಕ್ಕೂ ಕೆಲಸದ ತೃಪ್ತಿಗೂ ಇರುವ ಕೋರಿಲೇಷನ್ 0.56. ಕೆಲಸ ಬಿಡುವ ಯೋಚನೆಗೂ ಇರೋದು ಮೈನಸ್ 0.46. ಕೆಲಸದ ಗುಣಮಟ್ಟಕ್ಕೆ? 0.20.

ವ್ಯಕ್ತಿ ತನ್ನ *ಸಂಸ್ಥೆಗೆ* ಹೊಂದಿದ್ದರೆ, ತೃಪ್ತಿಗೆ 0.44, ಬಿಡುವ ಯೋಚನೆಗೆ ಮೈನಸ್ 0.35. ಕೆಲಸದ ಗುಣಮಟ್ಟಕ್ಕೆ 0.07.

ಕೋರಿಲೇಷನ್‌ನ ವರ್ಗ ಮಾಡಿದರೆ ಎಷ್ಟು ಪಾಲು ವ್ಯತ್ಯಾಸ ಇದರ ಜೊತೆ ಹೋಗುತ್ತೆ ಅಂತ ಗೊತ್ತಾಗುತ್ತೆ, ಅಲ್ವಾ? 0.56ರ ವರ್ಗ ಸುಮಾರು 31%. 0.20ರ ವರ್ಗ 4%. 0.07ರ ವರ್ಗ ಅರ್ಧ ಪರ್ಸೆಂಟ್.

ಅಂದ್ರೆ ಸಂಸ್ಥೆಗೆ ಹೊಂದದ ಮನುಷ್ಯ ಸಂಕಟಪಡ್ತಾನೆ, ಬಿಟ್ಟು ಹೋಗೋಕೆ ನೋಡ್ತಾನೆ. ಆದ್ರೆ ಇರುವಷ್ಟು ದಿನ ಅವನ ಕೆಲಸದಲ್ಲಿ ಅದು ಹೆಚ್ಚುಕಡಿಮೆ ಕಾಣಿಸೋದೇ ಇಲ್ಲ. ‘ಕಲ್ಚರ್ ಫಿಟ್’ ನೋಡಿ ಆರಿಸಿದರೆ ಕೆಲಸ ಚೆನ್ನಾಗಿ ಆಗುತ್ತೆ ಅನ್ನೋ ಎಚ್‌ಆರ್ ನಂಬಿಕೆಗೆ ಈ ಅರ್ಧ ಪರ್ಸೆಂಟ್ ಅಷ್ಟೇನೂ ಬಲ ಕೊಡಲ್ಲ.

ಇಲ್ಲಿಗೆ ನಿಲ್ಲಿಸಿ ‘ಹೊಂದಿಕೆ ಮುಖ್ಯ ಅಲ್ಲ’ ಅಂತ ಹೇಳಿಬಿಡಬಹುದು. ಕೆಲವು ಆಸ್ಪತ್ರೆ ಮ್ಯಾನೇಜ್‌ಮೆಂಟ್‌ಗಳು ನಡೆದುಕೊಳ್ಳೋದೂ ಹಾಗೇ: ಬೇಜಾರಿದ್ದರೂ ಕೆಲಸ ನಡೀತಿದೆಯಲ್ಲ, ಇನ್ನೇನು? ಆದ್ರೆ ಈ ಸಣ್ಣ ನಂಬರ್ ಹಿಂದೆ ಏನಿದೆ ಅಂತ ಬಿಚ್ಚಿ ನೋಡಬೇಕು. ನನಗೆ ಮೂರು ಕಾರಣ ಕಾಣುತ್ತೆ.

ನಂಬರ್ ಯಾಕೆ ಇಷ್ಟು ಸಣ್ಣದು?

ಒಂದು: ಹೊಂದದವರು ಡೇಟಾದಲ್ಲೇ ಇಲ್ಲ. 1987ರಲ್ಲಿ ಬೆಂಜಮಿನ್ ಷ್ನೈಡರ್ ಅನ್ನೋ ಸಂಶೋಧಕರು ಹೇಳಿದ ಮಾತಿದು. ಸಂಸ್ಥೆ ತನ್ನ ಥರದವರನ್ನ ಸೆಳೆಯುತ್ತೆ, ತನ್ನ ಥರದವರನ್ನೇ ಆರಿಸುತ್ತೆ, ಆಮೇಲೂ ಹೊಂದದವರು ತಾವಾಗೇ ಬಿಟ್ಟು ಹೋಗ್ತಾರೆ. ಸರ್ವೆ ಮಾಡೋಕೆ ಹೋದ ದಿನ ವಾರ್ಡ್‌ನಲ್ಲಿ ಇರೋರು ಉಳಿದವರು. ಕಳೆದ ತಿಂಗಳು ರಾಜೀನಾಮೆ ಕೊಟ್ಟವರ ಪ್ರಶ್ನಾವಳಿ ಯಾರ ಕೈಯಲ್ಲೂ ಇಲ್ಲ. ಕ್ರ್ಯಾಶ್ ಆದ ಸರ್ವರ್‌ಗಳ ಲಾಗ್ ಬಿಟ್ಟು, ಓಡ್ತಿರೋ ಸರ್ವರ್‌ಗಳ ಲಾಗ್ ಮಾತ್ರ ನೋಡಿ ಸಿಸ್ಟಂ ಆರೋಗ್ಯವಾಗಿದೆ ಅಂದ ಹಾಗೆ.

ಎರಡು: ನರ್ಸ್‌ಗಳ ಒಳ್ಳೆ ಕೆಲಸ ಬಹುಪಾಲು ಕಣ್ಣಿಗೆ ಬೀಳಲ್ಲ. ಅದು ‘ಆಗದೇ ಹೋದ’ ಘಟನೆ. ಹಾಸಿಗೆ ಹಿಡಿದ ರೋಗಿಯನ್ನ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದರೆ ಹುಣ್ಣು ಆಗಲ್ಲ. ಆಗದ ಹುಣ್ಣನ್ನ ಯಾವ ಅಪ್ರೈಸಲ್ ಫಾರಂನಲ್ಲಿ ಬರೀತೀರಿ? ಮೇಲಧಿಕಾರಿ ಕೊಡೋ ರೇಟಿಂಗ್‌ನಲ್ಲಿ ಸಮಯಕ್ಕೆ ಬಂದರಾ, ಚಾರ್ಟ್ ತುಂಬಿದರಾ ಅನ್ನೋದು ಸುಲಭವಾಗಿ ಬರುತ್ತೆ. ಉಳಿದದ್ದು ಬರಲ್ಲ.

ಮೂರನೇದೇ ಮುಖ್ಯ. ಹೊಂದಿಕೆ ಕೆಟ್ಟಾಗ ಅದರ ಏಟು ಮೊದಲು ರೋಗಿಗೆ ಬೀಳಲ್ಲ, ನರ್ಸ್‌ಗೆ ಬೀಳುತ್ತೆ. ಅವರು ಮಧ್ಯೆ ನಿಂತು ತಡೀತಾರೆ. ಜನ ಕಡಿಮೆ ಇದ್ದರೆ ಊಟ ಬಿಡ್ತಾರೆ. ಪಾಳಿ ಮುಗಿದ ಮೇಲೂ ಅರ್ಧ ಗಂಟೆ ನಿಂತು ಚಾರ್ಟ್ ಬರೀತಾರೆ. ಆಸ್ಪತ್ರೆ ಮೇಲೆ ಎಷ್ಟೇ ಸಿಟ್ಟಿದ್ದರೂ ಎದುರಿಗೆ ಮಲಗಿರೋ ಅಜ್ಜಿಗೆ ಡ್ರಿಪ್ ಬದಲಿಸದೇ ಇರಲ್ಲ. ಎದುರಿಗಿರೋದು ಜೀರಾ ಟಿಕೆಟ್ ಅಲ್ಲ, ಮನುಷ್ಯರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನರ್ಸ್ ಒಂದು ಬಫರ್. ಸಿಸ್ಟಂನ ತಪ್ಪನ್ನ ಬಫರ್ ಹೀರ್ಕೊಳ್ತಿರೋವಾಗ ಔಟ್‌ಪುಟ್ ಗ್ರಾಫ್ ನೆಟ್ಟಗೇ ಇರುತ್ತೆ. ಬಫರ್ ತುಂಬಿದ ದಿನ ಮಾತ್ರ ಕೆಳಗೆ ಬೀಳುತ್ತೆ. ಆ ದಿನ ಎಲ್ಲರೂ ಕೇಳೋದು, ಯಾರ ತಪ್ಪು ಅಂತ.

ಹಾಗಾಗಿ 0.07 ಅನ್ನೋ ನಂಬರ್‌ನ ನಾನು ‘ಹೊಂದಿಕೆ ಬೇಕಿಲ್ಲ’ ಅಂತ ಓದಲ್ಲ. ‘ಯಾರೋ ತಮ್ಮ ಮೈಮೇಲೆ ಹಾಕ್ಕೊಂಡು ಸರಿದೂಗಿಸ್ತಿದಾರೆ’ ಅಂತ ಓದ್ತೀನಿ.

ಇನ್ನೊಂದು ತುದಿಯಿಂದ ಅಳೆದರೆ?

ಇಲ್ಲಿವರೆಗೆ ಒಬ್ಬೊಬ್ಬ ವ್ಯಕ್ತಿಯನ್ನ ಅಳೆದದ್ದು. ಈಗ ಪರಿಸರದ ಕಡೆಯಿಂದ ನೋಡೋಣ, ಕಥೆ ಬದಲಾಗುತ್ತೆ.

1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ತೀವ್ರ ಕೊರತೆ ಇತ್ತು. ಎಲ್ಲರೂ ‘ನರ್ಸ್‌ಗಳು ಯಾಕೆ ಬಿಡ್ತಾರೆ’ ಅಂತ ಕೇಳ್ತಿದ್ದಾಗ ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಪ್ರಶ್ನೆಯನ್ನೇ ತಿರುಗಿಸಿತು: ಕೆಲವು ಆಸ್ಪತ್ರೆಗಳಲ್ಲಿ ಯಾಕೆ ಬಿಡಲ್ಲ? 1983ರಲ್ಲಿ ಅಂಥ 41 ಆಸ್ಪತ್ರೆಗಳನ್ನ ಗುರುತಿಸಿದರು. ನರ್ಸ್‌ಗಳನ್ನ ಆಯಸ್ಕಾಂತದ ಹಾಗೆ ಹಿಡಿದಿಡ್ತಾವೆ ಅಂತ ‘ಮ್ಯಾಗ್ನೆಟ್ ಆಸ್ಪತ್ರೆ’ ಅಂತ ಹೆಸರಿಟ್ಟರು. ಅಲ್ಲಿ ಕಂಡದ್ದು ಯೋಗ ಕ್ಲಾಸು, ಪಿಜ್ಜಾ ಪಾರ್ಟಿ ಅಲ್ಲ. ನರ್ಸ್‌ಗಳ ತೀರ್ಮಾನಕ್ಕೆ ಬೆಲೆ, ಡಾಕ್ಟರ್‌ಗಳ ಜೊತೆ ಸರಿಯಾದ ಸಂಬಂಧ, ಸಾಕಷ್ಟು ಜನ, ಆಡಳಿತದಲ್ಲಿ ನರ್ಸಿಂಗ್ ಮುಖ್ಯಸ್ಥರಿಗೆ ಒಂದು ಕುರ್ಚಿ.

1994ರಲ್ಲಿ ಲಿಂಡಾ ಐಕನ್ ಮತ್ತು ತಂಡ, ಇವುಗಳಲ್ಲಿ 39 ಆಸ್ಪತ್ರೆಗಳನ್ನ ಅವುಗಳಂಥದ್ದೇ ಬೇರೆ 195 ಆಸ್ಪತ್ರೆಗಳ ಜೊತೆ ಹೋಲಿಸಿದರು. ರೋಗಿಗಳ ಕಾಯಿಲೆಯ ತೀವ್ರತೆಯನ್ನ ಲೆಕ್ಕಕ್ಕೆ ಹಿಡಿದ ಮೇಲೂ ಮ್ಯಾಗ್ನೆಟ್ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ 4.6% ಕಡಿಮೆ ಇತ್ತು. ಗಮನಿಸಿ, ಆ ಆಸ್ಪತ್ರೆಗಳನ್ನ ಆರಿಸಿದ್ದು ಸಾವಿನ ಲೆಕ್ಕ ನೋಡಿ ಅಲ್ಲ, ನರ್ಸ್‌ಗಳು ಉಳಿಯೋದನ್ನ ನೋಡಿ.

2002ರಲ್ಲಿ ಅದೇ ಐಕನ್ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನ ನೋಡಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ, ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಂಭವ 7% ಏರುತ್ತಿತ್ತು. ಆ ನರ್ಸ್ ಬರ್ನ್‌ಔಟ್ ಆಗುವ ಸಂಭವ 23% ಏರುತ್ತಿತ್ತು. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಹೊರೆ ಒಂದೇ, ಆದ್ರೆ ನರ್ಸ್‌ಗೆ ಬೀಳೋ ಏಟು ರೋಗಿಗೆ ಬೀಳೋದಕ್ಕಿಂತ ಮೂರು ಪಟ್ಟು. ನಾನು ಬಫರ್ ಅಂದಿದ್ದು ಇದನ್ನೇ. ಎರಡೂ ಬೇರೆ ಬೇರೆ ಅಳತೆ, ನೇರ ಹೋಲಿಕೆ ಪೂರ್ತಿ ಸರಿಯಲ್ಲ ಅನ್ನೋದು ನಿಜ. ಇವೆಲ್ಲ ಸಂಬಂಧ ತೋರಿಸೋ ಅಧ್ಯಯನಗಳು, ಇದರಿಂದಲೇ ಅದು ಆಯ್ತು ಅಂತ ಸಾಬೀತು ಮಾಡೋವಲ್ಲ. ಆದ್ರೂ ಎಲ್ಲವೂ ಬೆರಳು ತೋರಿಸೋ ದಿಕ್ಕು ಒಂದೇ.

ಭಾರತದಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನದಂಡ ಹೇಳೋದು ಟೀಚಿಂಗ್ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು ನರ್ಸ್. ಮುಂದಿನ ಸಲ ಯಾರನ್ನಾದರೂ ನೋಡೋಕೆ ಜನರಲ್ ವಾರ್ಡ್‌ಗೆ ಹೋದಾಗ ಹಾಸಿಗೆ ಎಣಿಸಿ ನೋಡಿ, ಅಷ್ಟು ಸಾಕು.

ಮುಂಬೈನ ಒಂದು ವಾರ್ಡ್

ಅಂಕಿ ಬಿಟ್ಟು ಒಂದು ಉದಾಹರಣೆಗೆ ಬರ್ತೀನಿ. ಮುಂಬೈ ಕನ್ನಡಿಗರಿಗೆ ಇದು ಗೊತ್ತಿರುವ ಹೆಸರು: ಅರುಣಾ ಶಾನಭಾಗ್. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅಲ್ಲಿನ ಕೆಲಸಗಾರನೊಬ್ಬ ಅವರ ಮೇಲೆ ದೌರ್ಜನ್ಯ ಎಸಗಿದ. ಮೆದುಳಿಗೆ ಪೆಟ್ಟಾಗಿ ಮತ್ತೆ ಪೂರ್ತಿ ಪ್ರಜ್ಞೆಗೆ ಬರಲಿಲ್ಲ. 2015ರ ಮೇ 18ರಂದು ತೀರಿಕೊಂಡರು.

ಈ ಕಥೆಯನ್ನ ದಯಾಮರಣದ ಕೇಸ್ ಅಂತ ನಾವು ಓದಿರ್ತೀವಿ. ಇವತ್ತಿನ ವಿಷಯಕ್ಕೆ ಅದರ ಬೇರೆ ಎರಡು ಮುಖ ಬೇಕು.

ಮೊದಲನೇದು ಪರಿಸರದ್ದು. ನೆಮ್ಮದಿಯಾಗಿ ಬಟ್ಟೆ ಬದಲಿಸೋಕೆ ಒಂದು ಸುರಕ್ಷಿತ ಜಾಗ ಅನ್ನೋದು ಯಾವ ಪ್ರಶ್ನಾವಳಿಯ ಮೇಲ್ಸಾಲಿನಲ್ಲೂ ಬರಲ್ಲ. ಆದ್ರೆ ‘ನಮಗೆ ಬೇಕಾದ್ದನ್ನ ಕೆಲಸ ಕೊಡುತ್ತಾ’ ಅನ್ನೋ ಪ್ರಶ್ನೆಯ ಮೊದಲ ಮೆಟ್ಟಿಲು ಅದೇ. ಆ ಘಟನೆಯ ನಂತರ ಮುಂಬೈ ನರ್ಸ್‌ಗಳು ಮುಷ್ಕರ ಮಾಡಿ ಕೇಳಿದ್ದೂ ಸುರಕ್ಷತೆಯನ್ನೇ.

ಎರಡನೇದು ಕೆಲಸದ್ದು. ಸುಮಾರು 42 ವರ್ಷ ಕೆಇಎಂ ನರ್ಸ್‌ಗಳು ಅವರನ್ನ ನೋಡಿಕೊಂಡರು. ಅವರ ಜೊತೆ ಕೆಲಸ ಮಾಡಿದವರು ನಿವೃತ್ತರಾದರು, ಆಮೇಲೆ ಬಂದವರು ಅವರನ್ನ ಎದ್ದು ನಿಂತದ್ದನ್ನ ಒಮ್ಮೆಯೂ ನೋಡಿದವರಲ್ಲ. ಆದರೂ ಅಷ್ಟು ವರ್ಷ ಹಾಸಿಗೆಯಲ್ಲಿದ್ದವರಿಗೆ ಒಂದೂ ಹಾಸಿಗೆ ಹುಣ್ಣು ಆಗಿರಲಿಲ್ಲ ಅನ್ನೋದು ಕೋರ್ಟ್‌ವರೆಗೂ ಹೋಯ್ತು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸಿಬ್ಬಂದಿಯನ್ನ ಹೊಗಳಿತು.

ನರ್ಸಿಂಗ್ ಗೊತ್ತಿರೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಇದು ಒಬ್ಬರ ಸಾಮರ್ಥ್ಯದಿಂದ ಆಗೋ ಕೆಲಸ ಅಲ್ಲ. ಬೆಳಿಗ್ಗೆ ಪಾಳಿಯವರು ಮಧ್ಯಾಹ್ನದವರಿಗೆ, ಅವರು ರಾತ್ರಿಯವರಿಗೆ, ಒಂದು ತಲೆಮಾರು ಮುಂದಿನ ತಲೆಮಾರಿಗೆ ದಾಟಿಸಿದರೆ ಮಾತ್ರ ಆಗೋದು. ಸರ್ಕಾರಿ ಆಸ್ಪತ್ರೆ, ಕಿಕ್ಕಿರಿದ ವಾರ್ಡ್, ಸೌಲಭ್ಯ ಅಷ್ಟಕ್ಕಷ್ಟೇ. ಆದ್ರೆ ‘ಇವರು ನಮ್ಮವರು, ಇದು ನಮ್ಮ ಕೆಲಸ’ ಅನ್ನೋದರಲ್ಲಿ ಆ ಗುಂಪಿಗೆ ಒಮ್ಮತ ಇತ್ತು. ಸಂಸ್ಥೆ ಜೊತೆಗಿನ ಹೊಂದಿಕೆ, ಸಹೋದ್ಯೋಗಿಗಳ ಜೊತೆಗಿನ ಹೊಂದಿಕೆ ಎರಡೂ ಬೇರೆ ಬೇರೆ ಅಂತ ಸಂಶೋಧಕರು ಹೇಳೋದು ಇದಕ್ಕೇ.

ಊರು ಹೊಂದದಿದ್ದರೆ

ಇನ್ನೊಂದು ಹೊಂದಿಕೆ ಇದೆ, ವಲಸೆ ಬಂದ ನಮಗೆ ಚೆನ್ನಾಗಿ ಗೊತ್ತಿರೋದು. 2020ರ ಮೇ ತಿಂಗಳು, ಕೋವಿಡ್‌ನ ಮೊದಲ ಅಲೆ. ಕೋಲ್ಕತ್ತಾದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರದ 185 ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಹೊರಟರು. ಬೇರೆ ರಾಜ್ಯಗಳವರೂ ಸೇರಿ ಸಂಖ್ಯೆ 300 ದಾಟಿತು. ಅವರಿಗೆ ಕೆಲಸ ಬರ್ತಿರಲಿಲ್ಲವಾ? ಬರ್ತಿತ್ತು. ಆದ್ರೆ ಊರಿನಲ್ಲಿ ಮನೆಯವರ ಆತಂಕ, ಸಾಕಷ್ಟು ರಕ್ಷಣಾ ಸಾಮಗ್ರಿ ಇಲ್ಲ, ಜೊತೆಗೆ ಬೀದಿಯಲ್ಲಿ ಮುಖಚಹರೆ ನೋಡಿ ಹೀಯಾಳಿಸೋದು. ಇದೆಲ್ಲ ಅವರೇ ಹೇಳಿಕೊಂಡದ್ದು. ಇಷ್ಟು ಜನ ಹೋದ ಮೇಲೆ ಉಳಿದವರ ತಲೆಗೆ ಎಷ್ಟು ರೋಗಿ ಬಿದ್ದಿರಬಹುದು? ಹೊಂದಿಕೆಗೂ ಕೆಲಸದ ಗುಣಮಟ್ಟಕ್ಕೂ ಇರುವ ದೊಡ್ಡ ದಾರಿ ಇದೇ ಅಂತ ನನಗೆ ಅನ್ಸುತ್ತೆ. ಹೊಂದದವರು ಕೆಟ್ಟ ಕೆಲಸ ಮಾಡೋದಲ್ಲ, ಹೊಂದದವರು ಹೋಗ್ತಾರೆ, ಹೋದ ಮೇಲೆ ಉಳಿದವರ ಹೊಂದಿಕೆಯೂ ಕೆಡುತ್ತೆ.

ಮುಂದಿನ ವರ್ಷ ದೆಹಲಿ. 2021ರ ಜೂನ್ 5ರಂದು ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಒಂದು ಸುತ್ತೋಲೆ ಬಂತು: ನರ್ಸ್‌ಗಳು ಕೆಲಸದ ಜಾಗದಲ್ಲಿ ಮಲಯಾಳಂ ಮಾತಾಡಬಾರದು, ಹಿಂದಿ ಅಥವಾ ಇಂಗ್ಲಿಷ್ ಮಾತ್ರ, ಇಲ್ಲದಿದ್ದರೆ ಕ್ರಮ. ದೊಡ್ಡ ಗಲಾಟೆಯಾಗಿ ಮಾರನೇ ದಿನವೇ ವಾಪಸ್ ಪಡೆದರು.

ಇಲ್ಲಿ ಉಪ್ಪಿಟ್ಟಿನ ಭೇದ ನೆನಪು ಮಾಡ್ಕೊಳ್ಳಿ. ರೋಗಿಗೆ ಅರ್ಥವಾಗೋ ಭಾಷೆಯಲ್ಲಿ ಅವರ ಜೊತೆ ಮಾತಾಡಬೇಕು, ಪಾಳಿ ಬದಲಾಗುವಾಗ ಇಡೀ ತಂಡಕ್ಕೆ ಗೊತ್ತಿರೋ ಭಾಷೆಯಲ್ಲಿ ವಿವರ ಒಪ್ಪಿಸಬೇಕು. ಇದು ಕೆಲಸ ಕೇಳೋ ಹೊಂದಿಕೆ, ನ್ಯಾಯವಾದದ್ದು. ತಪ್ಪಿದರೆ ಔಷಧ ತಪ್ಪುತ್ತೆ. ಆದ್ರೆ ಇಬ್ಬರು ನರ್ಸ್‌ಗಳು ಚಹಾ ಕುಡಿಯುವಾಗ ಯಾವ ಭಾಷೆ ಆಡಬೇಕು ಅನ್ನೋದು ಕೆಲಸ ಕೇಳಿದ್ದಲ್ಲ. ಅಲ್ಲಿ ‘ಹೊಂದಿಕೋ’ ಅಂದ್ರೆ ‘ನಮ್ಮ ಥರ ಆಗು’ ಅಂತ ಅಷ್ಟೇ. ಪ್ಯಾಂಟ್ರಿಯಲ್ಲಿ ಇಬ್ಬರು ಕನ್ನಡ ಮಾತಾಡಿದ ಕೂಡಲೇ ಪಕ್ಕದವರು ತಿರುಗಿ ನೋಡೋದನ್ನ ಅನುಭವಿಸಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ನಾವೇನು ಮಾಡಬಹುದು?

ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕಲ್ ಲೈಟರ್ ಬರ್ನ್‌ಔಟ್ ಬಗ್ಗೆ ಕೆಲಸ ಮಾಡಿದವರು. ಮನುಷ್ಯ ಮತ್ತು ಕೆಲಸದ ನಡುವೆ ಹೊಂದಿಕೆ ಕೆಡುವ ಆರು ಜಾಗಗಳನ್ನ ಅವರು ಪಟ್ಟಿ ಮಾಡಿದರು: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ‘ಆ ನರ್ಸ್ ಸರಿ ಇಲ್ಲ’ ಅನ್ನಿಸಿದಾಗ ಈ ಆರರಲ್ಲಿ ಯಾವುದು ಮುರಿದಿದೆ ಅಂತ ಕೇಳಿಕೊಂಡರೆ ಬಹಳ ಸಲ ಉತ್ತರ ವ್ಯಕ್ತಿಯ ಹೊರಗೆ ಸಿಗುತ್ತೆ.

ನಮ್ಮಲ್ಲಿ ಕೆಲವರು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೀತೀವಿ. ಡ್ಯೂಟಿ ಪಟ್ಟಿ, ಔಷಧದ ಚಾರ್ಟ್, ಅಲಾರಂ. ಒಂದು ಔಷಧ ಕೊಟ್ಟದ್ದನ್ನ ದಾಖಲಿಸೋಕೆ ಐದು ಸ್ಕ್ರೀನ್ ದಾಟಬೇಕು ಅಂತ ನಾವು ಡಿಸೈನ್ ಮಾಡಿದರೆ, ಆ ವಾರ್ಡ್‌ನ ಹೊಂದಿಕೆಯನ್ನ ನಾವೇ ಕೆಡಿಸಿದ ಹಾಗೆ. ಡ್ಯೂಟಿ ಪಟ್ಟಿಯ ಅಲ್ಗಾರಿದಂ ‘ಎಲ್ಲಾ ಪಾಳಿ ತುಂಬಿತಾ’ ಅಂತ ಮಾತ್ರ ನೋಡಿದರೆ ಮಕ್ಕಳ ವಾರ್ಡಿನವರು ಐಸಿಯುಗೆ ಹೋಗ್ತಾರೆ. ಯಾರಿಗೆ ಯಾವ ವಾರ್ಡ್ ಗೊತ್ತು, ಸತತ ಎಷ್ಟು ರಾತ್ರಿ ಆಯ್ತು ಅನ್ನೋ ಎರಡು ಷರತ್ತು ಸೇರಿಸೋದು ನಮಗೆ ದೊಡ್ಡ ಕೆಲಸ ಏನಲ್ಲ. ರಿಕ್ವೈರ್‌ಮೆಂಟ್ ಮೀಟಿಂಗ್‌ಗೆ ಆಡಳಿತದವರ ಜೊತೆ ಒಬ್ಬ ವಾರ್ಡ್ ನರ್ಸ್‌ನೂ ಕರೀರಿ ಅಂತ ಕೇಳಬಹುದು.

ಉಳಿದವರು ರೋಗಿಯ ಮನೆಯವರಾಗಿ ಹೋಗ್ತೀವಿ. ಬೆಲ್ ಒತ್ತಿ ಹತ್ತು ನಿಮಿಷ ಯಾರೂ ಬರದಿದ್ದರೆ ಸಿಟ್ಟು ಬರೋದು ಸಹಜ. ದೂರು ಕೊಡಿ, ಕೊಡಲೇಬೇಕು. ಆದ್ರೆ ‘ಈ ನರ್ಸ್ ಬೇಜವಾಬ್ದಾರಿ’ ಅಂತ ಬರೆಯೋ ಮುಂಚೆ ‘ಈ ಪಾಳಿಯಲ್ಲಿ ಎಷ್ಟು ರೋಗಿಗೆ ಎಷ್ಟು ನರ್ಸ್ ಇದ್ದರು’ ಅಂತ ಕೇಳಿ, ಆ ಸಂಖ್ಯೆಯನ್ನೂ ದೂರಿನಲ್ಲಿ ಸೇರಿಸಿ. ಹೆಸರು ಬರೆದ ದೂರಿನಿಂದ ಒಬ್ಬರ ಕೆಲಸ ಹೋಗಬಹುದು. ಸಂಖ್ಯೆ ಬರೆದ ದೂರಿಗೆ ಮ್ಯಾನೇಜ್‌ಮೆಂಟ್ ಉತ್ತರ ಕೊಡಬೇಕಾಗುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ನರ್ಸ್ ಆಗಿರೋರು ಇದ್ದರೆ ಇದನ್ನ ಓದಿಸಿ, ಆ ಆರು ಜಾಗಗಳಲ್ಲಿ ಅವರಿಗೆ ಯಾವುದು ಮೊದಲು ಮುರಿಯುತ್ತೆ ಅಂತ ಕೇಳಿ. ಮುಂದಿನ ವಾರ ಇದೇ ಆಸ್ಪತ್ರೆಯ ಇನ್ನೊಂದು ಮೂಲೆಗೆ ಹೋಗೋಣ: ಐಸಿಯುನಲ್ಲಿ ಸದಾ ಕೂಗೋ ಅಲಾರಂಗಳು, ಅವು ಕೂಗಿ ಕೂಗಿ ಯಾರಿಗೂ ಕೇಳಿಸದ ಹಾಗೆ ಆಗೋದು ಯಾಕೆ ಅನ್ನೋದರ ಬಗ್ಗೆ. ಅಲ್ಲಿವರೆಗೆ ನಮಸ್ಕಾರ.